ಹಾಜರಿಯ ಏಳನೆಯ ಹೆಸರು

ಮಾತು ಕೊಟ್ಟ ದೇವರು ಅದನ್ನು ತಲೆಯೊಳಗೆ ಎಲ್ಲಿಟ್ಟಿದ್ದೇನೆ ಅಂತ ಮಾತ್ರ ಹೇಳಿ ಕಳಿಸಲಿಲ್ಲ. ಹಾಗಾಗಿ ಬಾಳೂರು ಕಡೆಯ ನಮ್ಮ ಕಾಫಿ ಎಸ್ಟೇಟಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾನಲ್ಲಿ ರೈಟರ್, ಹಾಜರಿ ಪುಸ್ತಕ ಬರೆಯುವವನು.

೧. ಅರ್ಧ ಪೂಜೆ

ಬೆಳಿಗ್ಗೆ ಅಷ್ಟೋತ್ತರ ಹೇಳಿ ಹೂವು ಏರಿಸದೆ ನಾನು ಮನೆ ಬಿಡುವವನಲ್ಲ. ನೂರೆಂಟು ಹೆಸರು, ನೂರೆಂಟು ಹೂವು. ಒಂದು ದಿನ ಅರ್ಧದಲ್ಲಿ ಎಸ್ಟೇಟಿನ ಸಾಹುಕಾರರ ಫೋನು ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ ಕೆಟ್ಟು ನಿಂತಿತ್ತು.

"ಪಲ್ಪರ್ ಮಿಷನ್ ರಿಪೇರಿ ಆಯ್ತೇನ್ರಿ?"

"ಆಗಿಲ್ಲ, ನಮಃ" ಎಂದೆ.

ಅವರು "ಆಗ್ಲಿ, ನಮಸ್ಕಾರ" ಎಂದು ಇಟ್ಟರು.

ಬಿಟ್ಟಲ್ಲಿಂದ ಹಿಡಿಯಲು ಹೋದರೆ ನಾಲಿಗೆ ಏಳಲಿಲ್ಲ. ಮತ್ತೆ ಮೊದಲಿನಿಂದ ಹೇಳಿದೆ. ಅರ್ಧಕ್ಕೇ ಹೂವು ಮುಗಿದು, ಉಳಿದ ಹೆಸರುಗಳಿಗೆ ಬರೀ ಕೈ ಆಡಿಸಿದೆ. ದೇವರಿಗೆ ನನ್ನ ತಲೆ ಎಷ್ಟು ಅಂತ ಗೊತ್ತು, ಲೆಕ್ಕ ಹಿಡಿಯಲಿಕ್ಕಿಲ್ಲ.

೨. ಎಲ್ಲದಕ್ಕೂ ಒಂದೇ

ಆಳುಗಳ ಹಾಜರಿ ಕೂಗಿ ಕೆಲಸ ಮಾಡಿಸುವ ನಮ್ಮ ಮೇಸ್ತ್ರಿಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸರಿಹೋಯಿತು, ಮಾತು ಹೋಯಿತು. ಉಳಿದದ್ದು "ಅದೇ" ಎಂಬ ಒಂದೇ ಮಾತು. ಚಿಕ್ಕಮಗಳೂರಿನಿಂದ ಮಾತಿನ ಚಿಕಿತ್ಸೆಯ ಮೇಡಂ ಬಂದು ಚಿತ್ರ ತೋರಿಸಿದರು. ಹಸು? "ಅದೇ." ಕೊಡೆ? "ಅದೇ."

"ಬೇಜಾರು ಮಾಡ್ಕೋಬೇಡಿ" ಎಂದು ಮೇಡಂ ಅವನ ಹೆಂಡತಿಗೆ ಹೇಳಿದರು.

"ಇಲ್ಲ ಮೇಡಂ. ಮನೇಲಿ ಇವರು ಮೊದಲೂ ಇಷ್ಟೇ ಮಾತಾಡ್ತಿದ್ದದ್ದು."

ಆಮೇಲೆ ಆಕೆ ಸೆರಗು ತಿರುವುತ್ತಾ, "ಒಂದು ಸಲ ನನ್ನ ಹೆಸರು ಹೇಳ್ಸಿ, ಸಾಕು" ಎಂದಳು. ಮೂವತ್ತು ವರ್ಷ ಮನೆಯಲ್ಲಿ ಅವನು ಕರೆದದ್ದು "ಏಯ್" ಅಂತ. ಗಿರಿಜಾ ಅನ್ನುತ್ತಿದ್ದದ್ದು ಬೆಳಗಿನ ಹಾಜರಿಯಲ್ಲಿ ಮಾತ್ರ. ಆಕೆಯೂ ನಮ್ಮಲ್ಲೇ ಕೆಲಸಕ್ಕೆ ಬರುವವಳು.

ಆ ಒಂದು ಹೆಸರಿಗಾಗಿ ನಾನು ಕಳಸದ ದೇವರಿಗೆ ಹರಕೆ ಹೊತ್ತೆ.

೩. ಕನ್ನಡಕ

"ಅವರ ಮಾತು ನೀವೇ ಮುಗಿಸಬೇಡಿ. ಕೇಳುವವರ ತಲೆ ಮಾತಿಗಿಂತ ಮುಂದೆ ಓಡಿಬಿಡ್ತದೆ" ಎಂದು ಮೇಡಂ ಎಚ್ಚರಿಸಿ ಹೋಗಿದ್ದರು.

ನಾನು ನೋಡಲು ಹೋಗಿ ಅವನ ಮಂಚದ ಮೇಲೆ ಕೂತೆ. ಮೇಸ್ತ್ರಿ ಕೈ ತೋರಿಸಿ "ಅದೇ!" ಎಂದ. ಕಾಫಿ ಬೇಕಂತೆ ಎಂದೆ, ಕಾಫಿ ಬಂತು. "ಅದೇ, ಅದೇ!" ಕಂಬಳಿ ಬೇಕಂತೆ ಎಂದೆ, ಹೊದೆಸಿದರು. ಅವನು ಬೆವರುತ್ತಾ ಇನ್ನೂ ಜೋರಾಗಿ ಕೂಗಿದ. ದೇವರ ಸ್ತೋತ್ರ ಕೇಳಬೇಕಂತೆ ಎಂದು ಎರಡು ಹೇಳಿದೆ.

ಹೊರಡಲು ಎದ್ದಾಗ ಗೊತ್ತಾಯಿತು, ನಾನು ಕೂತದ್ದು ಅವನ ಕನ್ನಡಕದ ಮೇಲೆ.

೪. ಹಾಜರಿ

ಮೇಡಂ ಮತ್ತೆ ಬಂದಾಗ ಕೇಳಿದರು. "ಹುಡುಕಿ ಆಡುವ ಮಾತು ಬೇರೆ, ಬಾಯಿಪಾಠದ ಮಾತು ಬೇರೆ. ಒಂದು ಹೋದರೂ ಇನ್ನೊಂದು ಉಳಿದಿರಬಹುದು. ಇವರಿಗೆ ಬಾಯಿಪಾಠ ಏನಾದ್ರೂ ಬರ್ತದಾ? ಶ್ಲೋಕ, ಭಜನೆ?"

"ನಾವು ದೇವಸ್ಥಾನಕ್ಕೆ ಹೋದ್ರೆ ಇವರು ಹೊರಗೆ ಚಪ್ಪಲಿ ಕಾಯೋರು" ಎಂದಳು ಗಿರಿಜಾ.

ಮರುದಿನ ಬೆಳಿಗ್ಗೆ, ಬೇಜಾರು ಕಳೆಯಲಿ ಅಂತ, ಮೇಸ್ತ್ರಿಯನ್ನು ಆಳುಗಳು ಸೇರುವ ಕಾಫಿ ಕಣಕ್ಕೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆವು. ಹಾಜರಿ ಕೂಗುವುದು ಅವನ ಕೆಲಸ, ಪುಸ್ತಕ ನೋಡದೆ ತನ್ನದೇ ಕ್ರಮದಲ್ಲಿ ಕೂಗುತ್ತಿದ್ದ. ಅವನ ಬದಲಿಗೆ ನಾನು ಪುಸ್ತಕ ನೋಡಿ, ಅಕ್ಷರ ಕ್ರಮದಲ್ಲಿ ಶುರುಮಾಡಿದೆ.

"ಅನಸೂಯ. ಇಂದಿರ. ಕಮಲ."

ಮೇಸ್ತ್ರಿಯ ಮುಖ ಕೆಂಪಾಯಿತು. ಕೋಲಿನಿಂದ ನೆಲಕ್ಕೆ ಕುಟ್ಟಿದ. "ಅದೇ! ಅದೇ!" ನಾನು ಗಾಬರಿಯಿಂದ ಇನ್ನೊಂದು ಹೆಸರು ಓದಿದೆ. ಆಗ ಕಣವೆಲ್ಲ ಕೇಳುವ ಹಾಗೆ ಅವನ ಬಾಯಿಂದ ಹೊರಟಿತು:

"ಸುಶೀಲಾ!"

ಸುಶೀಲಾ ಅಭ್ಯಾಸಬಲದಿಂದ "ಬಂದೆ" ಎಂದಳು.

"ಪಾರ್ವತೀ! ಲಲಿತಾ! ಕಮಲಾ! ಅನಸೂಯಾ! ಇಂದಿರಾ! ಗಿರಿಜಾ!"

ಉಳಿದವರು ಒಬ್ಬೊಬ್ಬರಾಗಿ ‘ಬಂದೆ’ ಎಂದಿದ್ದರು, ಗಿರಿಜಾ ಹೆಸರಿಗೆ ನಿಂತಿತು. ಉತ್ತರ ಬಾರದೆ ಅವನು ಮುಂದಿನ ಹೆಸರಿಗೆ ಹೋದವನೇ ಅಲ್ಲ. ಗಿರಿಜಾ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಅವನು ಎಂದಿನಂತೆ ಸಿಡುಕಿ ಕಾದ.

"ಬಂದೆ" ಎಂದಳು. ಮುಂದಿನ ಹೆಸರು ಹೊರಟಿತು.

ನಾನು ಪುಸ್ತಕ ಮುಚ್ಚಿ ಕೈ ಮುಗಿದೆ. ಹರಕೆ ಫಲಿಸಿತ್ತು.

ಈಗ ತಿಂಗಳಾಯಿತು. ಮೇಸ್ತ್ರಿಗೆ ಹೆಂಡತಿಯನ್ನು ಕರೆಯಲು ಬರುತ್ತದೆ, ಆದರೆ ಸುಶೀಲಾಳಿಂದ ಶುರುಮಾಡಿದರೆ ಮಾತ್ರ. ಬಾಯಾರಿಕೆಯಾದರೆ ಮನೆಯೊಳಗಿಂದ ಹಾಜರಿ ಕೂಗುತ್ತಾನೆ. ಆಳುಗಳ ಲೈನ್ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಾಜರಿಯಲ್ಲಿ ಅವಳಿಗಿಂತ ಮೊದಲು ಬರುವ ಆರೂ ಜನ ಒಲೆ ಬಿಟ್ಟು ಬಾಗಿಲಿಗೆ ಬಂದು "ಬಂದೆ, ಬಂದೆ" ಎಂದ ಮೇಲೆ ಗಿರಿಜಾ ನೀರು ಕೊಡುತ್ತಾಳೆ.

ನನಗೆ ಸಂಕಟವಾಗಿ ಗಿರಿಜಾಗೆ ಹೇಳಿದೆ. "ತಪ್ಪು ನನ್ನದೇ ಕಣಮ್ಮ. ಹರಕೆಯಲ್ಲಿ ‘ಹೆಸರು ಹೇಳಲಿ’ ಎಂದೆ, ‘ಮೊದಲು’ ಎನ್ನಲಿಲ್ಲ. ಸೋಮವಾರ ಕಳಸಕ್ಕೆ ಹೋಗಿ ತಿದ್ದಿ ಕೇಳ್ಕೊಂಡು ಬರ್ತೇನೆ."

"ಅಯ್ಯೋ, ಹೋಗ್ಬೇಡಿ ರೈಟ್ರೇ!" ಎಂದಳು ಗಾಬರಿಯಿಂದ. "ಮೊದಲು ನನ್ನೇ ಕರೆದುಬಿಟ್ರೆ ಆ ಆರು ಜನ ಬಾಗಿಲಿಗೆ ಬಂದು, ಇವರು ನನ್ನ ಹೆಸರು ಹೇಳೋದನ್ನ ಕೇಳೋದು ಹೇಗೆ?"