ನನ್ನ ಕಮಾಯಿಯ ಪಂಚನಾಮೆ

ನಾನು ಎಷ್ಟು ಗಳಿಸುತ್ತೇನೆ ಎಂಬುದು ಐವತ್ತೆಂಟು ವರ್ಷ ತುಂಬುವವರೆಗೂ ನನಗೆ ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ಪರರ ಗಳಿಕೆಯನ್ನು ಬರೆದುಕೊಡುವುದೇ ನನ್ನ ಕಸುಬು. ಕಮಲಾಪುರದಲ್ಲಿ ಸರಕಾರಿ ಕಚೇರಿಯೊಂದರ ಎದುರು ಬೇವಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಮೂವತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಕಲಬುರಗಿಯಿಂದ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ಮೋಮಿನಪುರದ ನಮ್ಮ ಗಲ್ಲಿಗೆ ವಾಪಸಾಗುತ್ತೇನೆ. ಈಗ ಅರ್ಜಿಗಳೆಲ್ಲ ಕಂಪ್ಯೂಟರಿನಲ್ಲೇ ಹೋಗುತ್ತವೆ, ನಿಜ. ಆದರೆ ಕಂಪ್ಯೂಟರಿನವನಿಗೂ ಏನು ಕುಟ್ಟಬೇಕೆಂದು ಯಾರಾದರೂ ಬರೆದುಕೊಡಬೇಕಲ್ಲ! ಜನ ನನ್ನನ್ನು ಮುನ್ಷಿ ಸಾಹೇಬ್ರು ಎಂದು ಕರೆಯುತ್ತಾರೆ. ಒಮ್ಮೆ ಸಾಹೇಬ ಎನಿಸಿಕೊಂಡ ಮೇಲೆ ಸಾಹೇಬನ ಹಾಗೆಯೇ ಇರಬೇಕಾಗುತ್ತದೆ. ನನ್ನ ಕಷ್ಟದ ಮೂಲ ಅಲ್ಲಿದೆ.

ಆದಾಯ ಪ್ರಮಾಣಪತ್ರಕ್ಕೆಂದು ಬಂದವರನ್ನು "ನಿಮ್ಮ ಆದಾಯ ಎಷ್ಟ್ರೀ?" ಎಂದು ಕೇಳಿ ನೋಡಿ, ಒಬ್ಬರೂ ಬಾಯಿ ಬಿಡುವುದಿಲ್ಲ. ಆದಾಯ ಎಂಬುದು ಕಾಗದದ ಮೇಲಿನ ಮಾತು, ಅದು ಯಾರ ಮನೆಯಲ್ಲೂ ಇರುವುದಿಲ್ಲ. ನೌಕರಿಯವರಿಗೆ ಪಗಾರ ಇರುತ್ತದೆ. ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವವನಿಗೆ ಹಮಾಲಿ. ಅಂಗಡಿಯವನಿಗೆ ಕಮಾಯಿ. ನಮ್ಮ ಅಬ್ಬಾನ ಕಾಲದವರಿಗೆ ಆಮದನಿ. ಕಮಲಾಪುರದ ಕೆಂಪು ಬಾಳೆಯ ತೋಟದವರಿಗೆ ಇವು ಯಾವುವೂ ಇಲ್ಲ, ಅವರಿಗಿರುವುದು ಹುಟ್ಟುವಳಿ, ಅದೂ "ಈ ವರ್ಷ ಅಷ್ಟಕ್ಕಷ್ಟೇ ಅದರೀ." ರೊಟ್ಟಿ ಬಡಿದು ಮಾರುವ ಹೆಣ್ಣುಮಗಳೊಬ್ಬಳು "ನಂದ್ಯಾತರ ಗಳಿಕೀರೀ, ಮಕ್ಕಳ ಹೊಟ್ಟಿ ತುಂಬತದ, ಅಷ್ಟs" ಅಂದಿದ್ದಳು. ಅದನ್ನು ಅಂಕಿಗೆ ಇಳಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ದಿನಾ ಎಷ್ಟು ಹಿಟ್ಟು, ಎಷ್ಟು ಕಟ್ಟಿಗೆ, ಹಬ್ಬದಾಗ ಎಷ್ಟು ಎಂದು ಅಡ್ಡದಾರಿಯಿಂದ ಕೇಳುತ್ತ ಹೋಗಬೇಕು. ನನ್ನ ಹೆಂಡತಿ ಶಾಹಿದಾ ಮಾತ್ರ ಬರ್ಕತ್ತನ್ನು ನಂಬುವವಳು. ಎಷ್ಟು ತಂದಿರಿ ಎಂಬುದು ಅವಳಿಗೆ ದೊಡ್ಡದಲ್ಲ, ತಂದದ್ದು ತಿಂಗಳ ಕೊನೆ ಮುಟ್ಟುತ್ತದೋ ಇಲ್ಲವೋ ಎಂಬುದೇ ದೊಡ್ಡದು.

ಇಷ್ಟೆಲ್ಲ ಜನರ ಬಾಯಿಂದ ಅಂಕಿ ಹೊರಡಿಸಿದ ನಾನು ನನ್ನನ್ನು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗಲ್ಲಿಯಲ್ಲಿ ಯಾರಾದರೂ "ಹ್ಯಾಂಗ ನಡದದ ಕೆಲಸ?" ಎಂದರೆ ನನ್ನ ಉತ್ತರ ಒಂದೇ: "ಭರ್ಜರಿ!" ಹಾಗೆ ಅಂದ ಮೇಲೆ ಎದುರು ನಿಂತವರಿಗೆ ಚಹಾ ಕುಡಿಸದೆ ಇರಲಾಗುತ್ತದೆಯೇ? ವರ್ಷದಲ್ಲಿ ಎರಡು ತಿಂಗಳು, ವಿದ್ಯಾರ್ಥಿವೇತನದ ಹಂಗಾಮಿನಲ್ಲಿ, ನನ್ನ ಮೇಜಿನ ಮುಂದೆ ಜಾತ್ರೆ ನೆರೆಯುತ್ತದೆ. ನಾನು ಆ ಎರಡು ತಿಂಗಳನ್ನೇ ನನ್ನ ಕಮಾಯಿ ಎಂದು ತಿಳಿದಿದ್ದೆ. ಉಳಿದ ಹತ್ತು ತಿಂಗಳು ಏನೋ ಗ್ರಹಚಾರ, ಇವತ್ತಲ್ಲ ನಾಳೆ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಮಗಳು ಸನಾಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಶನಿವಾರದೊಳಗೆ ಕಡಿಮೆ ಆದಾಯದ ಪ್ರಮಾಣಪತ್ರ ಕೊಟ್ಟರೆ ಫೀಸು ಮಾಫಿ, ಹಾಸ್ಟೆಲ್ಲೂ ಸಿಗುತ್ತದೆ. ಕೊಡದಿದ್ದರೆ ಪೂರ್ತಿ ಫೀಸು ಕಟ್ಟಬೇಕು. ಅದು ನಮ್ಮಿಂದ ಆಗದು ಅಂದರೆ ಆಗದು. ಹುಡುಗಿ ಆಗಲೇ ಬಟ್ಟೆ ಮಡಚಿ ಚೀಲಕ್ಕೆ ತುಂಬಿದ್ದಳು. ನಾನು ನನ್ನ ಅರ್ಜಿ ಬರೆಯಲು ಕೂತೆ. ಆದಾಯದ ಜಾಗಕ್ಕೆ ಬಂದಾಗ ಪೆನ್ನು ಮುಂದೆ ಹೋಗಲೊಲ್ಲದು. ಕೊನೆಗೆ ತಿಂಗಳಿಗೆ ಎಂಟು ಸಾವಿರ ಎಂದು ಬರೆದೆ. ಮಗಳಿಗಾಗಿ ಮಾನ ಬದಿಗಿಟ್ಟು ಇಷ್ಟೊಂದು ತಗ್ಗಿಸಿ ಬರೆದೆನಲ್ಲ ಎಂದು ಎದೆ ಭಾರವಾಯಿತು. ದೇವರ ಕ್ಷಮೆಯನ್ನೂ ಕೇಳಿದೆ.

ಗುರುವಾರ ವಿಚಾರಣೆಗೆ ಕಂದಾಯ ಇಲಾಖೆಯ ಮೇಡಂ ಒಬ್ಬರು ಮನೆಗೇ ಬಂದರು. ಪಂಚನಾಮೆಗೆ ನೆರೆಯವರ ಸಾಕ್ಷಿ ಬೇಕು. ಎದುರು ಮನೆಯ ಖಾದರ್ ಭಾಯಿ, ಸಮೋಸಾ ಅಂಗಡಿಯವನು, ಕರೆಯದೆಯೇ ಬಂದ. ನಮ್ಮ ಗಲ್ಲಿಯ ರಿವಾಜೊಂದನ್ನು ಹೇಳಬೇಕು. ಒಳಗೆ ನಾವು ನಲ್ಲಿ ನೀರಿಗೆ ಜುಟ್ಟು ಜುಟ್ಟು ಹಿಡಿದು ಜಗಳಾಡಿದರೂ, ಹೊರಗಿನವರ ಎದುರು ನೆರೆಯವನ ಇಜ್ಜತ್ ಕಳೆಯುವುದಿಲ್ಲ.

"ಇವರ ಪರಿಸ್ಥಿತಿ ಹ್ಯಾಂಗದರೀ?" ಎಂದು ಮೇಡಂ ಕೇಳಿದರು.

"ಮುನ್ಷಿ ಸಾಹೇಬ್ರಿಗಿ ಏನ್ ಕಮ್ಮಿ ಅದರೀ ಮೇಡಂ!" ಖಾದರ್ ಎದೆಯುಬ್ಬಿಸಿ ಅಂದ. "ಅಲ್ಲಾ ಕಾ ದಿಯಾ ಸಬ್ ಕುಛ್ ಹೈ, ದೇವ್ರು ಎಲ್ಲಾ ಕೊಟ್ಟಾನ! ಬಾದಶಾಹಿ ಕಮಾಯಿರೀ ಅವರದು. ದಿನಾ ನಾಕ್ ಮಂದಿಗಿ ಚಾ ಕುಡಸ್ತಾರ."

ನಾನು ಕೆಮ್ಮಿದೆ. ಕಣ್ಣು ಮಿಟುಕಿಸಿದೆ. ಖಾದರ್ ಅದನ್ನು ವಿನಯವೆಂದು ತಿಳಿದು, "ನೋಡ್ರಿ, ತಮ್ಮ ಬಾಯಿಂದ ಹೇಳ್ಕೊಳ್ಳಂಗಿಲ್ಲ ಪಾಪ!" ಎಂದು ಇನ್ನೂ ಜೋರು ಮಾಡಿದ. ಅವನ ಹಿಂದೆ ನಿಂತ ನಾಲ್ಕೈದು ಜನರೂ ತಲೆಯಾಡಿಸಿದರು. ನಿಜ ಹೇಳಲೇ? ಮಗಳ ಸೀಟು ಕಣ್ಣೆದುರೇ ಕೈಜಾರುತ್ತಿರುವಾಗಲೂ ನನ್ನೊಳಗೆ ಒಂದು ಮೂಲೆಯಲ್ಲಿ ಖುಷಿಯಾಯಿತು. ಥೂ ನನ್ನ ಜನ್ಮಕ್ಕೆ!

ಮೇಡಂ ಪೆನ್ನು ಮುಚ್ಚಿದರು. "ಸಾಕ್ಷಿದಾರ್ರೇ ಹಿಂಗ ಹೇಳಾಕತ್ರ ನಾ ಏನಂತ ಬರೀಲಿರೀ?"

ಪರದೆಯ ಹಿಂದೆ ಸನಾಳ ಮುಖ ಬಿಳಿಚಿತ್ತು. ಆಗ ಶಾಹಿದಾ ಹೊರಗೆ ಬಂದಳು. ಮದುವೆಯಾದಂದಿನಿಂದ ತವರಿನವರ ಮುಂದೆ ಕೂಡ "ನಮಗೇನೂ ಕೊರತೆಯಿಲ್ಲ" ಎಂದವಳು ಅವಳು.

"ಬರ್ಕೊಳ್ರೀ ಮೇಡಂ, ನಾ ಹೇಳ್ತೀನಿ," ಅಂದಳು. "ಎರಡು ತಿಂಗಳು ಇವರ ಕಿಸೆ ತುಂಬಿರ್ತದ. ಉಳಿದ ಹತ್ತು ತಿಂಗಳು ಬಸ್ಸಿಂದು, ಚಾದ್ದು ಕಳದು ಮನಿಗಿ ಮುಟ್ಟೋದು ದಿನಕ್ಕ ನೂರಾ ಐವತ್ತು. ಅದೂ ಒಮ್ಮೊಮ್ಮಿ ಇಲ್ಲ. ಇವರ ಅಂಗಿ ಗೂಟಕ್ಕ ಹಾಕಾಕಿ ನಾನೇ. ವರ್ಷದ್ದೆಲ್ಲಾ ಕೂಡಿಸಿದ್ರ ತಿಂಗಳಿಗಿ ಐದ ಸಾವಿರ ಆಗ್ತದ."

"ಚಾದ್ದೆಲ್ಲಾ ಕಳೀಲಿಕ್ಕೆ ಬರಂಗಿಲ್ಲಮ್ಮ. ಗಳಿಸಿದ್ದೆಲ್ಲಾ ಆದಾಯನೇ."

"ಮನಿ ಹೊಸ್ತಿಲಾ ದಾಟಲಾರದ್ದು ಎಂಥಾ ಆದಾಯರೀ? ಅದನ್ನ ಆ ಚಾ ಕುಡದವರ ಹೆಸರಿಗಿ ಬರೀರಿ!"

ಚಹಾ ಕುಡಿದವರೆಲ್ಲ ನೆಲ ನೋಡತೊಡಗಿದರು. ಮೇಡಂ ನಗು ತಡೆದುಕೊಂಡು ಚಹಾ, ಬಸ್ಸು ಎಲ್ಲ ಸೇರಿಸಿ ಕೂಡಿಸಿದರು. ಆರೂವರೆ ಸಾವಿರ ಬಂತು. ಅವರು ನನ್ನ ಅರ್ಜಿ ನೋಡಿದರು, ನನ್ನ ಮುಖ ನೋಡಿದರು. "ನೀವು ಎಂಟು ಅಂತ ಬರದೀರಲ್ರೀ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಡವನೆಂದು ಸುಳ್ಳು ಹೇಳಲು ಕೂತಾಗಲೂ ನಾನು ನಿಜಕ್ಕಿಂತ ಒಂದೂವರೆ ಸಾವಿರ ಜಂಬ ಕೊಚ್ಚಿದ್ದೆ. ಶಾಹಿದಾ ಸನಾಳ ಪಕ್ಕಕ್ಕೆ ಹೋಗಿ ನಿಂತಳು. ಖಾದರ್ ಭಾಯಿ ಒಮ್ಮೆ ಸನಾಳ ಕಡೆ ನೋಡಿ ಪಂಚನಾಮೆಗೆ ಸಹಿ ಹಾಕಿದ. ಪ್ರಮಾಣಪತ್ರ ಮರುದಿನವೇ ಬಂತು, ಶನಿವಾರ ಮಗಳು ಹಾಸ್ಟೆಲ್ ಸೇರಿದಳು.

ಅವಳನ್ನು ಬಿಟ್ಟು ಬಂದ ಸಂಜೆ ಗಲ್ಲಿಗೆ ಕಾಲಿಡಲು ಅಂಜಿಕೆಯಾಯಿತು. ಇನ್ನು ಯಾರು ನನ್ನನ್ನು ಸಾಹೇಬ ಅಂದಾರು? ಖಾದರ್ ಅಂಗಡಿಯಿಂದಲೇ ಓಡಿ ಬಂದು ಹೆಗಲ ಮೇಲೆ ಕೈ ಹಾಕಿದ.

"ಶಾಬಾಶ್ ಮಾರಾಯಾ! ಭಾಭಿ ಏನ್ ಸುಳ್ಳ ಹೇಳಿದ್ರೋ! ನಮಗ ಹೊಳೀಲೇ ಇಲ್ಲ ನೋಡು. ಆರೂವರಿ ಸಾವಿರ ಅಂತ! ಮೇಡಂ ಖರೇ ಅಂತ ನಂಬೇ ಬಿಟ್ರು!"

ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅದು ಖರೆಯೇ ಕಣೋ ಎಂದು ಹೇಳಲು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮೊದಲಿನ ಹಾಗೆಯೇ, ಆದರದಿಂದ.

"ಏನ್ ಮಾಡೋದಪ್ಪಾ," ಅಂದೆ, "ಮಗಳ ಸಲುವಾಗಿ ಹೇಳ್ಬೇಕಾಗ್ತದ."

ಮನೆಗೆ ಹೋದರೆ ಶಾಹಿದಾ ಬಾಗಿಲಲ್ಲೇ ನಿಂತಿದ್ದಳು. ಗಲ್ಲಿಯವರು ಏನೆಂದರು, ನಿಮ್ಮನ್ನು ಹಗುರ ಮಾಡಿ ಮಾತಾಡಲಿಲ್ಲ ತಾನೇ ಎಂದು ಅಳುಕುತ್ತ ಕೇಳಿದಳು.

"ಇಲ್ಲ," ಅಂದೆ. "ಎಲ್ಲಾರೂ ನಿನ್ನೇ ಹೊಗಳಾಕತ್ತಿದ್ರು."