ರೊಟ್ಟಿ ಕಾಯ್ದ ಲಾರ್ಡು

ಕಲಿತದ್ದನ್ನು ಕಾಲೇಜಿನಲ್ಲೇ ಬಿಟ್ಟು ಮನೆಗೆ ಬರುವ ಮೇಷ್ಟ್ರೇ ಸುಖಿ. ನನಗೆ ಆ ಬುದ್ಧಿ ತಡವಾಗಿ ಬಂತು. ತೊಂಬತ್ತರ ದಶಕದಲ್ಲಿ ಕೂಡ್ಲಿಗಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಭಾಷೆಯ ಚರಿತ್ರೆ ಓದುವಾಗ ‘ಹ್ಲೈಬಾಜ್’ ಎಂಬ ಪದ ಎದುರಾಯಿತು. ಇಂಗ್ಲಿಷ್, ಜರ್ಮನ್ನುಗಳ ಮುತ್ತಜ್ಜಿ ಭಾಷೆಯದು, ಅರ್ಥ ರೊಟ್ಟಿ. ಅದನ್ನು ಬರೆದಿಟ್ಟವರಿಲ್ಲ, ಆಡಿದವರು ಉಳಿದಿಲ್ಲ. ಮೊಮ್ಮಕ್ಕಳ ಮೂಗು ನೋಡಿ ಅಜ್ಜನ ಮುಖ ಬರೆದಂತೆ ಪಂಡಿತರು ಪದವನ್ನು ಊಹಿಸಿ, ಊಹೆಯೆಂದು ತಿಳಿಯಲು ಅದರ ಮುಂದೊಂದು ನಕ್ಷತ್ರದ ಗುರುತು ಇಟ್ಟಿದ್ದಾರೆ. ಇಂಗ್ಲಿಷಿನ ‘ಲೋಫ್’ ಅದರದೇ ಕುಡಿ. ‘ಲಾರ್ಡ್’ ಎಂದರೆ ಮೂಲದಲ್ಲಿ ರೊಟ್ಟಿ ಕಾಯುವವನು, ‘ಲೇಡಿ’ ಎಂದರೆ ರೊಟ್ಟಿಯ ಹಿಟ್ಟು ನಾದುವವಳು.

ಇದನ್ನು ಮನೆಯಲ್ಲಿ ಹೇಳಬಾರದಿತ್ತು. ನನ್ನ ಹೆಂಡತಿ ಗಿರಿಜಾ ಬೆಳಗಿನಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಮರುದಿನ ಹರಪನಹಳ್ಳಿಯಲ್ಲಿ ಅವಳ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ. ಅಕ್ಕನ ಮನೆಯಿಂದ ರೊಟ್ಟಿ ಬುತ್ತಿ ಹೋಗದಿದ್ದರೆ ಬಳಗದೆದುರು ತಲೆ ಎತ್ತುವಂತಿಲ್ಲ. ಅಂಥ ಹೊತ್ತಿನಲ್ಲಿ ನಾನು ಲಾರ್ಡ್–ಲೇಡಿ ಪುರಾಣ ಬಿಚ್ಚಿದೆ. ಅವಳು ಹಣೆಯ ಬೆವರು ಒರೆಸಿಕೊಂಡು, “ಹಂಗಾದ್ರ ನಾ ನಾದೀನಿ, ಬಡದೀನಿ. ನೀವು ಮಾಳಿಗಿ ಮ್ಯಾಲೆ ಕುಂತು ಕಾಯ್ರಿ” ಎಂದಳು.

ಮಾಳಿಗೆಯ ಮೇಲೆ ಬಿಸಿಲಲ್ಲಿ ಹಳೇ ಪಂಚೆಯ ಮೇಲೆ ರೊಟ್ಟಿ ಆರುತ್ತಿದ್ದವು. ನನ್ನ ಕೈಯಲ್ಲಿ ಕೋಲು, ತೊಡೆಯ ಮೇಲೆ ಪುಸ್ತಕ. ಆ ಪದ ರಷ್ಯಕ್ಕೂ ನಡೆದುಹೋಗಿ ‘ಖ್ಲೇಬ್’ ಆಗಿದೆ ಎಂದು ಓದಿ ಹಿಗ್ಗುವಷ್ಟರಲ್ಲಿ ಪಕ್ಕದ ಮನೆಯ ಆಡು ಮರಿಗಳ ಸಮೇತ ಮೆಟ್ಟಿಲೇರಿ, ರೊಟ್ಟಿ ಮುಗಿಸಿ ಪಂಚೆಗೆ ಬಾಯಿ ಹಾಕಿತ್ತು.

ಗಿರಿಜಾ ಮೇಲೆ ಬಂದು ನೋಡಿದಳು. ಖಾಲಿ ಬುಟ್ಟಿ ಹಿಡಿದು ಓಣಿಗಿಳಿದಳು. ನಮ್ಮ ಕಡೆ ಕುಬಸದ ಬುತ್ತಿಗೆಂದರೆ ಯಾರೂ ಇಲ್ಲವೆನ್ನುವುದಿಲ್ಲ. ಆಡಿನ ಮನೆಯವರಂತೂ ಎಲ್ಲರಿಗಿಂತ ಹೆಚ್ಚು ಕೊಟ್ಟರು. ಒಂದು ದಪ್ಪ, ಒಂದು ತೆಳು, ಒಂದು ಸಜ್ಜೆಯದು, ಇನ್ನೊಂದು ಜೋಳದ್ದು, ಅಂತೂ ಬುಟ್ಟಿ ತುಂಬಿತು.

ಹರಪನಹಳ್ಳಿಯಲ್ಲಿ ನಮ್ಮತ್ತೆ ಒಂದೊಂದನ್ನೇ ತಿರುವಿ ನೋಡಿ, “ಇವು ಒಂದ ಕೈಯಿನ ರೊಟ್ಟಿ ಅಲ್ಲಲ್ಲವ್ವ” ಎಂದರು. ಗಿರಿಜಾ, “ಹೌದವ್ವಾ, ಓಣಿ ಮಂದಿ ಎಲ್ಲಾ ಹರಸಿ ಕಳಿಸ್ಯಾರ” ಎಂದಳು. ಅತ್ತೆಯ ಕಣ್ಣು ತುಂಬಿತು. ನನ್ನದೂ ತುಂಬಿತು, ಕಾರಣ ಮಾತ್ರ ಬೇರೆ.

ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜಾಳ ತೀರ್ಪು ಹೊರಬಿತ್ತು: ಕಾಯುವ ಕೆಲಸ ನನ್ನ ಕೈಲಾಗದು, ಇನ್ನು ಮೇಲೆ ಹಿಟ್ಟು ನಾದಬೇಕು. ಅಂದಿನಿಂದ ನಾನು ನಾದುತ್ತೇನೆ, ಗಿರಿಜಾ ರೊಟ್ಟಿ ಬಡಿದು, ಹೊಸ್ತಿಲಲ್ಲಿ ಕೂತು ಆಡು ಬಾರದಂತೆ ಕಾಯುತ್ತಾಳೆ. ಲಾರ್ಡ್ ಯಾರು, ಲೇಡಿ ಯಾರು ಎಂದು ಕಾಲೇಜಿನಲ್ಲಿ ಯಾರಾದರೂ ಕೇಳಿದರೆ, ಆ ಪಾಠ ಪರೀಕ್ಷೆಗಿಲ್ಲ ಎಂದುಬಿಡುತ್ತೇನೆ.