ಫ್ಲಾಟ್ ನಂಬರ್ ೩೦೪ರ ಹತ್ತೊಂಬತ್ತು ಅಪೂರ್ಣ ಕಾಮಗಾರಿಗಳ ಕುರಿತು

ನಮ್ಮ ಸಹಕಾರಿ ಗೃಹನಿರ್ಮಾಣ ಸಂಘದ ಕಾರ್ಯದರ್ಶಿಗಳೂ, ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಮೊಬೈಲಿನಿಂದ ಕಣ್ಣೆತ್ತದೆಯೇ ಕೈಮುಗಿಯುವ ಸಜ್ಜನರೂ ಆದ ಶ್ರೀ ಹಿತೇಶ್‌ಭಾಯಿಯವರ ಸನ್ನಿಧಿಗೆ, ಅಂಧೇರಿ ಪೂರ್ವದ ನಮ್ಮದೇ ಬಿಲ್ಡಿಂಗಿನ ಮೂರನೇ ಮಹಡಿಯಿಂದ, ಬಾಲ್ಕನಿಯ ಪಾರಿವಾಳಗಳನ್ನೂ ಸೇರಿಸಿಕೊಂಡು, ಶಿವಕುಮಾರಿ ಬಿರಾದಾರಳ ಶರಣು ಶರಣಾರ್ಥಿಗಳು.

ಮಾನ್ಯರೇ,

ತಮಗೆ ಕನ್ನಡ ಓದಲು ಬರುವುದಿಲ್ಲವೆಂಬುದು ನನಗೆ ಗೊತ್ತು. ಆದರೆ ಬೇರೆಯವರಿಗೆ ಬರೆದ ಪತ್ರವನ್ನು ತಾವು ನನಗೆ ಕಳಿಸಬಹುದಾದರೆ, ತಮಗೆ ಬರೆದ ಪತ್ರವನ್ನು ನಾನು ಬೇರೆಯವರು ಓದುವ ಭಾಷೆಯಲ್ಲಿ ಬರೆಯುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಒಂದು ಪ್ರತಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ್ದೇನೆ. ಅರ್ಥ ಬೇಕೆನಿಸಿದರೆ ನನ್ನ ಸೊಸೆ ವೈಶಾಲಿ ಸಂಜೆ ಏಳರ ನಂತರ ಮರಾಠಿಯಲ್ಲಿ ಹೇಳಿಕೊಡುತ್ತಾಳೆ, ತಮಗೆ ಕೋಪ ಬರಬಹುದಾದ ಕಡೆಗಳನ್ನು ಬಿಟ್ಟು.

ಕಳೆದ ಡಿಸೆಂಬರ್ ಒಂದರಂದು ತಮ್ಮ ಸಹಿಯೂ ಸಂಘದ ನೀಲಿ ಶಿಕ್ಕಾದ ಮುದ್ರೆಯೂ ಇದ್ದ ಲಕೋಟೆಯೊಂದು ನಮ್ಮ ಬಾಗಿಲ ಸಂದಿಯಿಂದ ಒಳಬಂದಿತು. 'ನಿಮ್ಮ ಫ್ಲಾಟಿನಲ್ಲಿ ಬಹುಕಾಲದಿಂದ ಅರ್ಧಕ್ಕೆ ನಿಂತಿರುವ ಎಲ್ಲ ಕೆಲಸಗಳನ್ನು ಇದೇ ಮೂವತ್ತೊಂದರ ಒಳಗೆ ಪೂರ್ಣಗೊಳಿಸತಕ್ಕದ್ದು, ಅಂದು ಸಮಿತಿಯು ಸ್ವತಃ ಪರಿಶೀಲನೆಗೆ ಬರುವುದು, ಬಾತ್‌ರೂಮಿನ ಕಡೆ ವಿಶೇಷ ಗಮನವಿರಲಿ' ಎಂಬುದು ಅದರ ಸಾರಾಂಶ. ವೈಶಾಲಿ ಒಂದೇ ನೋಟಕ್ಕೆ, "ಆಯಿ, ಇದು ನಮ್ದು ನಾಹೀ. ಮೇಲಿನ ಫೋರ್ ನಾಟ್ ಥ್ರೀದಾಗ ಟೈಲ್ಸ್ ಕೆಲಸ ಚಾಲೂ ಇದೆ ನಾ, ಅವರದು. ನಂಬರ್ ಉಲ್ಟಾ ಆಗಿದೆ" ಎಂದಳು. ಅವಳು ಹೇಳಿದ್ದು ಸತ್ಯವೇ. ಆದರೆ ಮಾನ್ಯರೇ, ಮೂವತ್ತಮೂರು ವರ್ಷ ಅಂಚೆ ಇಲಾಖೆಯಲ್ಲಿ ಪತ್ರ ವಿಂಗಡಿಸಿದವಳು ನಾನು. ಲಕೋಟೆಯ ಮೇಲೆ ಯಾರ ವಿಳಾಸವಿದೆಯೋ ಪತ್ರ ಅವರದು. ಒಳಗಿನ ವಿಷಯ ಹೊಂದುತ್ತದೋ ಇಲ್ಲವೋ ಎಂಬುದು ಪಡೆದವರ ಹಣೆಬರಹ. ಅದೂ ಅಲ್ಲದೆ, ವಿಷಯ ನನಗೆ ಹೊಂದಿಯೇ ಇತ್ತು. ನಮ್ಮ ಫ್ಲಾಟಿನಲ್ಲಿ ಅರ್ಧಕ್ಕೆ ನಿಂತ ಕೆಲಸಗಳಿದ್ದವು. ಅವು ಬಾತ್‌ರೂಮಿನಲ್ಲಿ ಇರಲಿಲ್ಲ, ಅಷ್ಟೇ.

ದಿವಾನದ ಹೊಟ್ಟೆಯಿಂದ, ಅಟ್ಟದ ಸೂಟ್‌ಕೇಸಿನಿಂದ, ಹಳೆಯ ಕುಕ್ಕರಿನ ಡಬ್ಬದಿಂದ, ದೇವರ ಕಪಾಟಿನ ಕೆಳಗಿನ ಖಾನೆಯಿಂದ ಎಲ್ಲವನ್ನೂ ಹೊರತೆಗೆದು ಹಾಲ್‌ನಲ್ಲಿ ಹರಡಿದಾಗ ಹತ್ತೊಂಬತ್ತಾದವು. ಮಗ ಶರಣ ಒಂಬತ್ತನೇ ಇಯತ್ತೆಯಲ್ಲಿದ್ದಾಗ ಶುರುಮಾಡಿದ, ಬಲತೋಳಿಲ್ಲದ ಸ್ವೆಟರು, ಅವನಿಗೀಗ ಮೂವತ್ತಾರು. ಕ್ರೋಶಾದ ಬಾಗಿಲ ತೋರಣದಲ್ಲಿ ಹನ್ನೊಂದು ಗಿಳಿಗಳು, ಅವುಗಳಲ್ಲಿ ನಾಲ್ಕಕ್ಕೆ ಕೊಕ್ಕಿಲ್ಲ. ಕತ್ತಿನವರೆಗೆ ಬಂದು ನಿಂತ ಕಸೂತಿಯ ಹಂಸ. ಕಾಲುಚೀಲಗಳು ಮೂರು, ಮೂರೂ ಒಂಟಿ. ಫ್ರಿಜ್ಜಿನ ಹಿಡಿಕೆಗೆಂದು ಹೆಣೆದ ಕವಚವೊಂದಿತ್ತು. ಅದು ಮುಗಿಯುವುದರೊಳಗೆ ಮೂರು ಫ್ರಿಜ್ಜು ಬದಲಾಗಿ, ಈಗಿನದಕ್ಕೆ ಹಿಡಿಕೆಯೇ ಇಲ್ಲ. ಹೂಕುಂಡ ತೂಗುಹಾಕಲೆಂದು ಗಂಟು ಹಾಕುತ್ತ ಹೋದ ಹಗ್ಗದ ಜಾಲ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಇಪ್ಪತ್ತು ಅಡಿಯಾಗಿತ್ತು.

ಇಷ್ಟೊಂದನ್ನು ಒಟ್ಟಿಗೆ ಏಕೆ ಹಿಡಿದೆ ಎಂದು ತಾವು ಕೇಳಬಹುದು. ಲೋಕಲ್‌ನಲ್ಲಿ ನಿಂತು ಹೆಣೆಯಲು ಸಣ್ಣದೊಂದು ಬೇಕು, ಕಿಟಕಿ ಸೀಟು ಸಿಕ್ಕ ಪುಣ್ಯದ ದಿನಕ್ಕೆ ದೊಡ್ಡದೊಂದು, ಆಫೀಸಿನ ಊಟದ ವೇಳೆಗೆ ಎಣಿಕೆ ತಪ್ಪಿದರೂ ನಡೆಯುವಂಥದ್ದು, ಅತ್ತೆಯವರು ಮಾತಾಡುವಾಗ ಎಣಿಕೆ ತಪ್ಪಲೇಬಾರದಂಥದ್ದು. ಒಂದು ಮುಗಿದ ಮೇಲೆಯೇ ಇನ್ನೊಂದು ಎನ್ನುವ ನಿಯಮ ಎಲ್ಲಿಯದು? ಒಂದು ಗಾಡಿ ಬೋರಿವಲಿ ಮುಟ್ಟುವವರೆಗೆ ಚರ್ಚ್‌ಗೇಟಿನಿಂದ ಇನ್ನೊಂದನ್ನು ಬಿಡದಿದ್ದರೆ ಮುಂಬಯಿ ಉಳಿದೀತೇ? ಆದರೂ ಮಾನ್ಯರೇ, ನನ್ನ ಈ ಗಾಡಿಗಳು ಎಲ್ಲೆಲ್ಲಿ ನಿಂತಿವೆ ಎಂದು ಇಷ್ಟು ವರ್ಷಗಳಲ್ಲಿ ಶಿಕ್ಕಾ ಹಾಕಿ ವಿಚಾರಿಸಿದ ಮೊದಲಿಗರು ತಾವು. ಸಂಘದ ನೀರಿನ ಟ್ಯಾಂಕು, ಲಿಫ್ಟಿನ ಬಾಗಿಲು, ಪಾರ್ಕಿಂಗ್ ಎಲ್ಲವನ್ನೂ ಬದಿಗಿಟ್ಟು ಕೊಕ್ಕಿಲ್ಲದ ನಾಲ್ಕು ಗಿಳಿಗಳ ಬಗ್ಗೆ ತಾವು ತೋರಿದ ಕಾಳಜಿಗೆ ನನ್ನ ಕಣ್ಣು ತುಂಬಿಬಂದಿತ್ತು.

ಆ ದಿನದಿಂದ ನಾನು ಸೂಜಿ ಕೆಳಗಿಡಲಿಲ್ಲ. ಗಿಳಿಗಳಿಗೆ ಕೊಕ್ಕು ಬಂದವು. ಹಂಸಕ್ಕೆ ಕೆಂಪು ದಾರ ಮುಗಿದುಹೋದ್ದರಿಂದ ಹಸಿರು ಕೊಕ್ಕೇ ಬಂತು; ಈಗ ಅದು ಗಿಳಿಗಳ ಸೋದರಮಾವನ ಹಾಗೆ ಕಾಣುತ್ತದೆ. ಮೂರು ಒಂಟಿ ಕಾಲುಚೀಲಗಳಿಗೆ ಜೋಡಿ ಹೆಣೆಯುವಾಗ ಎಣಿಕೆ ತಪ್ಪಿ ನಾಲ್ಕಾದ್ದರಿಂದ ಒಟ್ಟು ಏಳಾದವು. ಏಳನೆಯದನ್ನು ತರಾತುರಿಯಲ್ಲಿ ಮೊಬೈಲಿನ ಚೀಲವೆಂದು ಘೋಷಿಸಿದೆ. ಶರಣನ ಸ್ವೆಟರನ್ನು ಅವನ ಒಂಬತ್ತನೇ ಇಯತ್ತೆಯ ಅಳತೆಗೇ ಮುಗಿಸಿದೆ, ಏಕೆಂದರೆ ನೋಟೀಸಿನಲ್ಲಿ ಪೂರ್ಣಗೊಳಿಸಿ ಎಂದಿತ್ತೇ ಹೊರತು ದೊಡ್ಡದು ಮಾಡಿ ಎಂದಿರಲಿಲ್ಲ. ತಾಯಿಯ ಮನಸ್ಸು ನೋಯಬಾರದೆಂದು ಅವನು ಅದನ್ನು ತಲೆಯ ಮೇಲಿಂದ ಇಳಿಸಿಕೊಂಡ; ಇಳಿದದ್ದು ಏರಲಿಲ್ಲ. ಅಂದು ಮನೆಯಿಂದಲೇ ನಡೆದ ಆಫೀಸ್ ಮೀಟಿಂಗಿನಲ್ಲಿ ಎರಡೂ ಕೈ ಅರ್ಧ ಮೇಲೆತ್ತಿಕೊಂಡೇ ಕೂತಿದ್ದ ಅವನನ್ನು, ಏನೋ ಹೇಳಬೇಕೆಂದು ಕೈ ಎತ್ತಿದ್ದಾನೆಂದು ತಿಳಿದ ಅವನ ಸಾಹೇಬರು ಆರು ಸಲ ಮಾತಾಡಿಸಿದರಂತೆ. ಹೀಗೆ ಹದಿನೆಂಟು ಮುಗಿದವು. ಉಳಿದದ್ದು ಒಂದು ಕೌದಿ.

ಕೌದಿಯೆಂದರೆ ತಾವು ಗೋದಡಿ ಎನ್ನುತ್ತೀರಲ್ಲ, ಅದು. ಹಳೆಯ ಸೀರೆಗಳ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಹೊದಿಕೆ. ಇದನ್ನು ನಾನೊಬ್ಬಳೇ ಹಿಡಿದದ್ದಲ್ಲ. ನಾಗವ್ವ ಎಂಬವಳು ನನ್ನ ಬಾಲ್ಯದ ಗೆಳತಿ, ಇಂಡಿ ಕಡೆಯ ಒಂದೇ ಓಣಿಯವರು ನಾವು; ನಾನು ಅಂಧೇರಿಗೆ ಮದುವೆಯಾಗಿ ಬಂದೆ, ಅವಳು ಮಾಟುಂಗಕ್ಕೆ. ನಮ್ಮಿಬ್ಬರ ಅವ್ವಂದಿರು ಒಂದೇ ವರ್ಷ ತೀರಿಕೊಂಡಾಗ ಅವರಿಬ್ಬರ ಸೀರೆಗಳನ್ನೂ ಸೇರಿಸಿ ಒಂದೇ ಕೌದಿ ಮಾಡುವುದು, ಆರು ತಿಂಗಳು ಅವಳ ಮನೆ, ಆರು ತಿಂಗಳು ನನ್ನ ಮನೆ ಎಂದು ಠರಾಯಿಸಿದೆವು. ಮುಕ್ಕಾಲು ಹೊಲಿಗೆ ಮುಗಿದ ಮೇಲೆ ಪ್ರಶ್ನೆ ಬಂತು: ಜನವರಿ ಯಾರ ಪಾಲಿಗೆ? ಮುಂಬಯಿಯ ಚಳಿ ಎಂದರೆ ಜನವರಿಯ ಮೂರು ದಿನ. ಉಳಿದ ತಿಂಗಳು ಕೌದಿ ಯಾರ ಮನೆಯಲ್ಲಿದ್ದರೂ ಅವರಿಗೆ ಅದನ್ನು ಕಾಯುವ ಗೂರ್ಖಾ ಕೆಲಸವೇ. ಆ ಮೂರು ದಿನಕ್ಕಾಗಿ ನಾವು ಐವತ್ತು ವರ್ಷದ ಗೆಳತಿಯರು ಆಡಬಾರದ್ದನ್ನೆಲ್ಲ ಆಡಿಕೊಂಡೆವು. ಅವಳ ಹೊಲಿಗೆ ಗೂಡ್ಸ್ ಗಾಡಿಯ ಹಾಗೆ ಉದ್ದುದ್ದ ಎಂದು ನಾನು ಅಂದೆ. ನನ್ನ ಅವ್ವನ ಸೀರೆಗೆ ಬಣ್ಣ ನಿಲ್ಲುವುದಿಲ್ಲ ಎಂದು ಅವಳು ಅಂದಳು. ಅವ್ವನ ಮಾತು ಬಂದದ್ದೇ ತಡ, ನಾನು ಕತ್ತರಿ ತಂದು ಕೌದಿಯನ್ನು ನಟ್ಟನಡುವೆ ಕತ್ತರಿಸಿದೆ. ಅವಳ ಅರ್ಧ ಅವಳು ಎತ್ತಿಕೊಂಡು ಹೋದಳು. ಆರು ವರ್ಷ ನಮ್ಮ ನಡುವೆ ಫೋನೂ ಇಲ್ಲ, ಸಂಕ್ರಾಂತಿಯ ಎಳ್ಳೂ ಇಲ್ಲ.

ಡಿಸೆಂಬರ್ ಇಪ್ಪತ್ತೆರಡರಂದು ನನ್ನ ಅರ್ಧವನ್ನು ಚೀಲದಲ್ಲಿ ಹಾಕಿಕೊಂಡು ಸ್ಲೋ ಲೋಕಲ್ ಹಿಡಿದು, ಮಾಟುಂಗಾ ರೋಡಿನಲ್ಲಿಳಿದು, ಸೇತುವೆ ದಾಟಿ, ಹೂವಿನ ಗಲ್ಲಿಯ ಹಿಂದಿನ ಅವಳ ಹಳೆಯ ಬಿಲ್ಡಿಂಗಿನ ಎರಡು ಮಾಳಿಗೆ ಹತ್ತಿದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಆರ್ಡರಿನ ಮೇಲೆ ರೊಟ್ಟಿ ಮಾಡಿಕೊಡುತ್ತಾಳೆ ಅವಳು. ಸುಳ್ಳು ಹೇಳುವುದಿಲ್ಲ, ಬಾಗಿಲ ಬಳಿ ನಾಲ್ಕು ರೊಟ್ಟಿಯಷ್ಟು ಹೊತ್ತು ನಿಂತೆ. ಐದನೆಯದರ ನಡುವೆ ಸಪ್ಪಳ ನಿಂತಿತು, ಅವಳು ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಯಾಕ ಬಂದಿ?"

"ನಾ ಬಂದಿಲ್ಲವಾ. ನೋಟೀಸ್ ಬಂದೈತಿ."

ಅವಳು ಕೈ ಒರೆಸಿಕೊಂಡು, ಚಷ್ಮಾ ಹುಡುಕಿ, ತಮ್ಮ ನೋಟೀಸನ್ನು ಎರಡು ಸಲ ಓದಿದಳು. "ಇದರಾಗ ಬಾತ್‌ರೂಮ್ ಅಂತ ಬರದಾರಲ್ಲ?"

"ಅದು ಬ್ಯಾರೆ. ಕೌದಿ 'ಎಲ್ಲ ಕೆಲಸ' ಅನ್ನೂದರಾಗ ಬರ್ತೈತಿ."

"ಶಿಕ್ಕಾ ಖರೇದೈತೇನು?"

"ಹಿತೇಶ್‌ಭಾಯಿ ತಾವಽ ಕುಂತು ಒತ್ಯಾರ."

ನಾಗವ್ವ ಶಿಕ್ಕಾದ ಮೇಲೆ ಬೆರಳಾಡಿಸಿದಳು. ನನ್ನ ಮುಖ ನೋಡಲಿಲ್ಲ. "ಶಿಕ್ಕಾ ಬಿದ್ದಮ್ಯಾಲೆ ಏನ್ ಮಾಡಾಕಾಗ್ತೈತಿ. ಒಳಗ ಬಾ, ರೊಟ್ಟಿ ಆರಾಕತ್ತಾವ" ಎಂದಳು. ಕ್ಷಮೆ ಕೇಳುವ ಪ್ರಸಂಗವೇ ಬರಲಿಲ್ಲ, ಮಾನ್ಯರೇ. ಆರು ವರ್ಷ ಇಬ್ಬರೂ ಎಷ್ಟೋ ಸಲ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ತಮ್ಮ ನೀಲಿ ಶಿಕ್ಕಾದ ಮುಂದೆ ನಿರುಪಯೋಗಿಯಾದವು. ಎರಡನೇ ರೊಟ್ಟಿಗೆ ಅವಳು ಕೇಳದೆಯೇ ಬೆಣ್ಣೆ ಹಾಕಿದಳು ಎಂಬುದನ್ನು ಮಾತ್ರ ದಾಖಲೆಗಾಗಿ ತಿಳಿಸುತ್ತೇನೆ.

ಆದರೆ ತೊಡಕೊಂದಿತ್ತು. ನಾನು ನನ್ನ ಅರ್ಧವನ್ನು ಹಠಕ್ಕೆ ಮುಟ್ಟದೆ ಇಟ್ಟಿದ್ದರೆ, ಅವಳು ತನ್ನ ಅರ್ಧವನ್ನು ಅದೇ ಹಠಕ್ಕೆ ಬೆಳೆಸುತ್ತಲೇ ಹೋಗಿದ್ದಳು. ಎರಡನ್ನೂ ಜೋಡಿಸಿದಾಗ ಒಂದು ಬದಿ ಎರಡು ಮೊಳ ಹೆಚ್ಚಾಗಿ, ಕೌದಿಗೆ ಬಡಗಿಯ ಕಾಟಕೋನದ, ಅಂದರೆ ಇಂಗ್ಲಿಷಿನ 'ಎಲ್' ಅಕ್ಷರದ ಆಕಾರ ಬಂತು. ಕತ್ತರಿಸಿ ಸರಿಮಾಡೋಣವೆಂದು ಇಬ್ಬರೂ ಅನ್ನಲಿಲ್ಲ. ಕತ್ತರಿ ಎಂಬ ಶಬ್ದವನ್ನೇ ಯಾರೂ ಎತ್ತಲಿಲ್ಲ. ಬೈಕುಲ್ಲಾದ ಸಗಟು ಅಂಗಡಿಗೆ ಇಬ್ಬರೂ ಕೂಡಿಯೇ ಹೋಗಿ ದಾರ ತಂದೆವು, ಒಂಬತ್ತು ದಿನ ಹೊಲಿದೆವು.

ಮೂವತ್ತೊಂದರ ಬೆಳಿಗ್ಗೆ ಹನ್ನೊಂದಕ್ಕೆ, ಸಂಘದ ಪುಸ್ತಕದಲ್ಲಿ ಇನ್ನೂ ೩೦೪ ಎಂದೇ ಇದ್ದದ್ದರಿಂದ, ತಾವು ಒಬ್ಬ ಇಂಜಿನಿಯರರನ್ನು ಕರೆದುಕೊಂಡು ನಮ್ಮ ಮನೆಗೇ ಬಂದಿರಿ. ಹಾಲ್‌ನಲ್ಲಿ ಹತ್ತೊಂಬತ್ತನ್ನೂ ಸಾಲಾಗಿ ಇಟ್ಟಿದ್ದೆವು. "ಮಾಸಿ, ಏ ಸಬ್ ಕ್ಯಾ ಹೈ?" ಎಂದು ತಾವು ಕೇಳಿದ್ದೂ, "ಬಾತ್‌ರೂಮ್ ಕಿಧರ್ ಹೈ?" ಎಂದು ಇಂಜಿನಿಯರರು ಕೇಳಿದ್ದೂ, "ಪೆಹಲೇ ಏ ನಾಪೋ" ಎಂದು ನಾಗವ್ವ ಅವರ ಕೈಯ ಟೇಪನ್ನು ಕೌದಿಯ ಕಡೆಗೆ ತಿರುಗಿಸಿದ್ದೂ ತಮಗೆ ನೆನಪಿರಬಹುದು. ಪಾಪ, ಅಭ್ಯಾಸಬಲದಿಂದ ಅವರು ಅಳೆದೇ ಬಿಟ್ಟರು. ಯಾರ ಹೊಲಿಗೆ ನೇರವಾಗಿದೆ ಹೇಳಿ ಎಂದು ನಾವಿಬ್ಬರೂ ಒಟ್ಟಿಗೆ ಕೇಳಿದೆವು. ಅವರು ಒಂದು ಕಣ್ಣು ಮುಚ್ಚಿ ನೋಡಿ, "ದೋನೋ ಟೇಢಾ ಹೈ", ಎರಡೂ ಸೊಟ್ಟ, ಎಂದರು. ಆರು ವರ್ಷದ ವ್ಯಾಜ್ಯ ಅಲ್ಲಿಗೆ ಇತ್ಯರ್ಥವಾಯಿತು. ಮೇಲಿನ ಮಹಡಿಯಲ್ಲಿ ಡ್ರಿಲ್ಲಿಂಗ್ ಶಬ್ದ ಕೇಳುತ್ತಿದ್ದಂತೆಯೇ, ಹೊರಟರೆ ಸಾಕೆಂಬಂತೆ ತಾವು '೩೦೪: ಎಲ್ಲ ಕೆಲಸ ಮುಗಿದಿದೆ, ಸೋರಿಕೆ ಇಲ್ಲ' ಎಂದು ಬರೆದು ಸಹಿ ಹಾಕಿದಿರಿ. ಇಂಥ ಪ್ರಶಸ್ತಿ ಈ ಬಿಲ್ಡಿಂಗಿನಲ್ಲಿ ಇನ್ನೊಬ್ಬರಿಗೆ ಸಿಕ್ಕಿಲ್ಲ. ಅದಕ್ಕೆ ಕಟ್ಟು ಹಾಕಿಸಿದ್ದೇನೆ.

ಇನ್ನು ನನ್ನ ದೂರು. ಅಂದಿನಿಂದ ನನ್ನ ಕೈಗಳಿಗೆ ಕೆಲಸವಿಲ್ಲ. ಹೊಸದನ್ನು ಶುರುಮಾಡೋಣವೆಂದರೆ ತಮ್ಮ ಪ್ರಮಾಣಪತ್ರಕ್ಕೆ ಕುಂದು ಬಂದೀತೆಂಬ ಭಯ. ಹೋದ ವಾರ ಮೆಟ್ರೋದಲ್ಲಿ ಪಕ್ಕದ ಹೆಣ್ಣುಮಗಳ ಓಢಣಿಯ ಕುಚ್ಚುಗಳನ್ನು ನನಗರಿವಿಲ್ಲದೆ ನನ್ನ ಸೆರಗಿನ ಕುಚ್ಚುಗಳ ಜೊತೆ ಹೆಣೆದುಬಿಟ್ಟಿದ್ದೆ. ಅವಳು ಇಳಿಯುವ ಸ್ಟೇಷನ್ನಿನಲ್ಲಿ ನಾನೂ ಇಳಿಯಬೇಕಾಯಿತು. ಪ್ಲಾಟ್‌ಫಾರ್ಮಿನ ಮೇಲೆ ಬಿಡಿಸಿಕೊಳ್ಳುವಷ್ಟರಲ್ಲಿ ಅವಳ ಮದುವೆ ಗೊತ್ತಾಗಿರುವ ಸಂಗತಿಯೂ, ವರನ ಕಡೆಯವರ ಸ್ವಭಾವವೂ ತಿಳಿದವು.

ಅದಕ್ಕಿಂತ ಗಂಭೀರವಾದದ್ದು ನಾಗವ್ವನ ವಿಷಯ. ಜನವರಿ ಯಾರದೆಂಬ ಪ್ರಶ್ನೆ ಏಳದಿರಲೆಂದು ಅವಳು ಈ ತಿಂಗಳು ನಮ್ಮಲ್ಲಿಯೇ ಉಳಿದಿದ್ದಾಳೆ. ಚಳಿ ಈ ಸಲ ಬರಲೇ ಇಲ್ಲವಾದ್ದರಿಂದ ಮಧ್ಯಾಹ್ನ ಎ.ಸಿ. ಹಾಕಿಕೊಂಡು, ಕೌದಿಯ ಉದ್ದದ ಕಾಲಿನಡಿ ಅವಳೂ ಅಡ್ಡದ ಕಾಲಿನಡಿ ನಾನೂ, ಗೋಡೆಯ ಮೂಲೆಗೆ ತಲೆ ಕೂಡಿಸಿ ಮಲಗುತ್ತೇವೆ. ವೈಶಾಲಿ ನಮ್ಮನ್ನು ದಾಟುವಾಗ ದಿಕ್ಸೂಚಿ ಬೇಕೆನ್ನುತ್ತಾಳೆ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ನಾಗವ್ವ ಬರುವಾಗ ಎರಡು ಚೀಲ ತಂದಿದ್ದಾಳೆ, ಅವುಗಳಲ್ಲಿ ಅವಳವೇ ಇಪ್ಪತ್ತಾರು ಅರ್ಧಂಬರ್ಧ ಕೆಲಸಗಳಿವೆ. ಬಿಚ್ಚು, ಇಬ್ಬರೂ ಕೂಡಿ ಮುಗಿಸೋಣ ಎಂದರೆ, "ನಿನಗಾದರ ನೋಟೀಸ್ ಬಂದಿತ್ತು, ನನಗೇನ ಬಂದೈತಿ? ಕಾಗದಿಲ್ಲದ ನಾ ಸೂಜಿ ಹಿಡಿಯಾಂಗಿಲ್ಲ" ಎಂದು ದಿನವೂ ಟಪಾಲಿನ ವೇಳೆಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ.

ಆದ್ದರಿಂದ ಮಾನ್ಯರೇ, ಮಾಟುಂಗದ ಬಿಲ್ಡಿಂಗು ತಮ್ಮ ಸಂಘಕ್ಕೆ ಸೇರಿಲ್ಲ ಮುಂತಾದ ಸಣ್ಣಪುಟ್ಟ ಕಾನೂನುಗಳನ್ನು ಲೆಕ್ಕಿಸದೆ, ಶ್ರೀಮತಿ ನಾಗವ್ವನ ಹೆಸರಿಗೆ ಕೂಡಲೇ ಒಂದು ಕಟುವಾದ ನೋಟೀಸು ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಗಡುವು ಮಾತ್ರ ಉದಾರವಾಗಿರಲಿ. ಅವಳಿಗೆ ಅರವತ್ತನಾಲ್ಕು, ನನಗೆ ಅರವತ್ತಮೂರು. ಇಪ್ಪತ್ತು ವರ್ಷವೆಂದು ಬರೆದರೆ ಸಂಘಕ್ಕೇನೂ ನಷ್ಟವಿಲ್ಲ. ಒಂದುವೇಳೆ ಅವಳು ಬೇಗ ಮುಗಿಸುವ ಲಕ್ಷಣ ಕಂಡರೆ, ತಪ್ಪು ನಂಬರಿನ ಇನ್ನೊಂದನ್ನು ಕಳಿಸಿಕೊಡುವುದು ತಮ್ಮ ಕಚೇರಿಗೆ ಕಷ್ಟವಾಗಲಾರದು.

ಎಲ್ಲ ಮುಗಿದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಶಿವಕುಮಾರಿ ಬಿರಾದಾರ
ಫ್ಲಾಟ್ ನಂ. ೩೦೪ (ಮೂರು, ಸೊನ್ನೆ, ನಾಲ್ಕು)

ತಾ.ಕ.: ಪರಿಶೀಲನೆಯ ದಿನ ತಮ್ಮ ಪ್ಯಾಂಟಿನ ಎಡಗಾಲಿನ ಅಂಚು ಬಿಚ್ಚಿ, ನಡೆದಲ್ಲೆಲ್ಲ ದಾರ ಹಿಂಬಾಲಿಸುತ್ತಿದ್ದುದನ್ನು ನಾವಿಬ್ಬರೂ ಗಮನಿಸಿ ಮರ್ಯಾದೆಗೆ ಸುಮ್ಮನಿದ್ದೆವು. ಸಂಕೋಚಪಡದೆ ಕಳಿಸಿಕೊಡಿ, ಹೊಲಿದುಕೊಡುತ್ತೇವೆ. ಯಾವಾಗ ವಾಪಸ್ ಸಿಗುತ್ತದೆ ಎಂದು ಮಾತ್ರ ಕೇಳಬೇಡಿ.